ಸ್ಪ್ಲೆಂಡರ್ ಸಿಗ್ನಲ್‌ನಲ್ಲಿ ಆಫ್ ಆಗುತ್ತಿದೆಯಾ? ಮೊದಲು ಕ್ಲಚ್ ಕೇಬಲ್ ನೋಡಿ

ಗಾಡಿ ಕಲಿಯಲು 2017ರ ಸೆಕೆಂಡ್ ಹ್ಯಾಂಡ್ ಸ್ಪ್ಲೆಂಡರ್ ಪ್ಲಸ್ ತಗೊಂಡಿದ್ದೀರಿ. ಸಿಗ್ನಲ್‌ನಲ್ಲಿ ಫಸ್ಟ್ ಗೇರ್ ಹಾಕಿ ನಿಂತರೆ ಆಫ್ ಆಗುತ್ತೆ, ನ್ಯೂಟ್ರಲ್ ಸಿಗಲ್ಲ, ಮಾರಿ 150 ಸಿಸಿ ತಗೊಳ್ಳಲಾ ಅಂತ ಕೇಳಿದ್ದೀರಿ. ದಯವಿಟ್ಟು ಈಗಲೇ ಮಾರಬೇಡಿ. 150ರ ಗಾಡಿ ಇದಕ್ಕಿಂತ ಸುಮಾರು 30 ಕೆ.ಜಿ. ಜಾಸ್ತಿ ಭಾರ. ಟ್ರಾಫಿಕ್‌ನಲ್ಲಿ ವಾಲಿದರೆ ಹೊಸಬರಿಗೆ ತಡೆದು ನಿಲ್ಲಿಸೋದು ಕಷ್ಟ.

ನೀವು ಹೇಳಿದ ಎರಡೂ ಲಕ್ಷಣ, ಲಿವರ್ ಹಿಡಿದರೂ ಕ್ಲಚ್ ಎಂಜಿನ್ನನ್ನು ಚಕ್ರದಿಂದ ಪೂರ್ತಿ ಬೇರ್ಪಡಿಸದಿದ್ದಾಗ ಬರುವಂಥವು. ಲಿವರ್ ತುದಿಯಲ್ಲಿ 10ರಿಂದ 15 ಮಿ.ಮೀ. ಪ್ಲೇ, ಅಂದರೆ ಕೇಬಲ್ ಬಿಗಿಯಾಗುವ ಮುಂಚಿನ ಸಡಿಲ ಆಟ, ಇರಬೇಕು. ಅದಕ್ಕಿಂತ ಸಡಿಲವಿದ್ದರೆ, ಲಿವರ್ ಪೂರ್ತಿ ಹಿಡಿದರೂ ಪ್ಲೇಟುಗಳು ಬೇರ್ಪಡದೆ ಗಾಡಿ ಮುಂದಕ್ಕೆ ಎಳೆಯುತ್ತೆ. ಪ್ಲೇ ಇಲ್ಲದಷ್ಟು ಬಿಗಿ ಮಾಡಿದರೆ ಉಲ್ಟಾ ತೊಂದರೆ: ಕ್ಲಚ್ ಜಾರಿ ಪ್ಲೇಟ್ ಸುಡುತ್ತೆ. ಎಂಜಿನ್ ಹತ್ತಿರ ಕೇಬಲ್‌ಗೆ ಎರಡು ನಟ್ ಇರುತ್ತವೆ, ಹೆಚ್ಚಿನ ಅಡ್ಜಸ್ಟ್ ಅಲ್ಲೇ ಮಾಡಿ. ಲಿವರ್ ಕಡೆಯದು ಸಣ್ಣ ತಿದ್ದುಪಡಿಗೆ ಮಾತ್ರ. ಕೇಬಲ್ ಎಳೆ ಬಿಚ್ಚಿಕೊಂಡಿದ್ದರೆ ಬದಲಿಸಿಬಿಡಿ.

ಆಯಿಲ್ ಕೂಡ ವಿಚಾರಿಸಿ. ಈ ಕ್ಲಚ್ ಎಂಜಿನ್ ಆಯಿಲ್‌ನಲ್ಲೇ ಮುಳುಗಿರುತ್ತೆ, ಕಾರಿನ ಆಯಿಲ್ ಹಾಕಿದರೆ ಜಾರುವ ಸಾಧ್ಯತೆ ಇದೆ. ಡಬ್ಬದ ಮೇಲೆ 10ಡಬ್ಲ್ಯೂ-30 (ಆಯಿಲ್‌ನ ದಪ್ಪದ ಗ್ರೇಡ್), ಜಾಸೋ ಎಂಎ (ಇಂಥ ಕ್ಲಚ್‌ಗೆ ಸರಿಹೊಂದುವ ಬೈಕ್ ಆಯಿಲ್‌ನ ಗುರುತು) ಅಂತ ಇರಲಿ.

ಇಷ್ಟಾದ ಮೇಲೂ ನ್ಯೂಟ್ರಲ್‌ನಲ್ಲೇ ಆಫ್ ಆಗ್ತಿದ್ದರೆ ಐಡ್ಲಿಂಗ್, ಅಂದರೆ ರೇಸ್ ಕೊಡದೆ ಇದ್ದಾಗ ಎಂಜಿನ್ ಓಡುವ ವೇಗ, ಕಡಿಮೆ ಇದೆ. ನಿಮ್ಮದು ಕಾರ್ಬುರೇಟರ್ (ಪೆಟ್ರೋಲ್-ಗಾಳಿ ಬೆರೆಸುವ ಭಾಗ) ಇರುವ ಮಾಡೆಲ್, ಸ್ಕ್ರೂ ಅದರಲ್ಲೇ ಇರುತ್ತೆ. ಹತ್ತು ನಿಮಿಷ ಓಡಿಸಿ ಬಿಸಿಯಾದ ಮೇಲೆ ಐಡ್ಲಿಂಗ್ ಸ್ಕ್ರೂ ಕಾಲು ಕಾಲು ಸುತ್ತು ತಿರುಗಿಸಿ. ತಣ್ಣಗಿರುವಾಗ ಸೆಟ್ ಮಾಡಿದರೆ ಬಿಸಿಯಾದಾಗ ರೇಸ್ ಜಾಸ್ತಿಯಾಗುತ್ತೆ.

ಹೊರಡುವಾಗ ಜರ್ಕ್ ಹೊಡೆದರೆ ಚೈನ್ ನೋಡಿ. ಡಬಲ್ ಸ್ಟ್ಯಾಂಡ್ ಹಾಕಿ, ಚಕ್ರ ತಿರುಗಿಸುತ್ತಾ ಚೈನ್ ಅತಿ ಬಿಗಿಯಿರುವ ಜಾಗ ಹುಡುಕಿ. ಅಲ್ಲಿ 20ರಿಂದ 30 ಮಿ.ಮೀ. ಆಟ ಇರಬೇಕು. ಜಾಸ್ತಿ ಸಡಿಲವಿದ್ದರೆ ಎರಡೂ ಕಡೆಯ ಗುರುತು ಸಮ ಇಟ್ಟು ಹಿಂದಿನ ಚಕ್ರವನ್ನು ಹಿಂದಕ್ಕೆ ಎಳೆಯಿರಿ. ಚಕ್ರ ಹಿಂದೆ ಸರಿದಾಗ ಬ್ರೇಕ್ ರಾಡ್ ಬಿಗಿಯಾಗುತ್ತೆ, ಹಾಗಾಗಿ ಪೆಡಲ್ ಪ್ಲೇ ಮತ್ತೆ ಸೆಟ್ ಮಾಡೋದು ಮರೆಯಬೇಡಿ. ಇದನ್ನು ಮರೆತರೆ ಬ್ರೇಕ್ ಡ್ರಮ್ ಹಿಡಿದುಕೊಂಡು ಬಿಸಿಯಾಗುತ್ತೆ.

ಇನ್ನೊಂದು ಮಾತು. 125 ಸಿಸಿವರೆಗಿನ ಗಾಡಿಗಳಿಗೆ ಸಿಬಿಎಸ್ (ಒಂದು ಬ್ರೇಕ್ ಒತ್ತಿದರೆ ಮುಂದಿನ, ಹಿಂದಿನ ಎರಡೂ ಹಿಡಿಯುವ ವ್ಯವಸ್ಥೆ) ಕಡ್ಡಾಯವಾಗಿದ್ದು 2019ರ ಏಪ್ರಿಲ್‌ನಿಂದ, ನಿಮ್ಮದು ಅದಕ್ಕೂ ಹಳೆಯದು. ನಿಮ್ಮ ಗಾಡಿಯಲ್ಲಿ ಕಾಲಿನ ಬ್ರೇಕ್ ಒತ್ತಿದರೆ ಹಿಂದಿನದು ಮಾತ್ರ ಹಿಡಿಯುತ್ತೆ, ಕೈ ಬ್ರೇಕ್ ಜೊತೆಗೇ ಹಿಡಿಯೋದು ಮೊದಲ ದಿನದಿಂದಲೇ ರೂಢಿಯಾಗಲಿ. ಬೆಳಿಗ್ಗೆ ಖಾಲಿ ಮೈದಾನದಲ್ಲಿ ರೇಸ್ ಕೊಡದೆ, ಕ್ಲಚ್ ಮಾತ್ರ ನಿಧಾನ ಬಿಡುತ್ತಾ ಇಪ್ಪತ್ತು ಸಲ ಹೊರಟು ನಿಲ್ಲಿಸಿ. ಕ್ಲಚ್ ಎಲ್ಲಿ ಹಿಡಿಯುತ್ತೆ ಅಂತ ಕೈಗೆ ಗೊತ್ತಾದ ಮೇಲೆ ರಸ್ತೆಗೆ ಇಳಿಯಿರಿ.