ಇ-ರೀಡರ್ ಆಮೇಲೆ, ಏನು ಓದ್ತೀರಿ ಅಂತ ಮೊದಲು ಹೇಳಿ

ಪ್ರಶ್ನೆ: ಫೋನಿನಲ್ಲಿ ಕಾದಂಬರಿ ಓದಿ ಓದಿ ಕಣ್ಣು ಉರಿಯುತ್ತದೆ. ಪುಸ್ತಕ ಓದಲೆಂದೇ ಇರುವ ಇ-ರೀಡರ್ ತಗೊಳ್ಳೋಣ ಅಂತಿದ್ದೇನೆ. ಟ್ಯಾಬ್ಲೆಟ್ ತಗೊಂಡರೆ ಎಲ್ಲದಕ್ಕೂ ಆಗುತ್ತದಲ್ಲ ಅಂತಾನೆ ಮಗ. ನನ್ನ ಹತ್ತಿರ ಪಿಡಿಎಫ್ ಪುಸ್ತಕಗಳೂ ಜಾಸ್ತಿ ಇವೆ. ಯಾವುದು ಸರಿ?

ಉತ್ತರ: 'ಎಲ್ಲದಕ್ಕೂ' ಅನ್ನೋದೇ ಟ್ಯಾಬ್ಲೆಟ್‌ನ ತೊಂದರೆ. ಎರಡು ಪುಟ ಓದುವಷ್ಟರಲ್ಲಿ ಮೇಲೊಂದು ಮೆಸೇಜು ಬಂದು ಕೂರುತ್ತದೆ. ಓದುವುದಕ್ಕೇ ಅಂತಾದರೆ ಇ-ರೀಡರ್ ತಗೊಳ್ಳಿ. ಅದರ ಇ-ಇಂಕ್ ಪರದೆಯೊಳಗೆ ಕಪ್ಪು, ಬಿಳಿ ಬಣ್ಣದ ತೀರಾ ಸಣ್ಣ ಕಣಗಳಿರುತ್ತವೆ, ವಿದ್ಯುತ್ ಕೊಟ್ಟಾಗ ಬೇಕಾದ ಬಣ್ಣದ್ದು ಮೇಲೆ ಬಂದು ಅಲ್ಲೇ ನಿಂತುಬಿಡುತ್ತದೆ. ಪುಟ ತಿರುಗಿಸುವಾಗ ಮಾತ್ರ ಪರದೆಗೆ ವಿದ್ಯುತ್ ಬೇಕು. ಅದಕ್ಕೇ ಚಾರ್ಜ್ ವಾರಗಟ್ಟಲೆ ಬರುವುದು. ರಾತ್ರಿ ಓದಲು ಅಂಚಿನಲ್ಲಿ ಎಲ್‌ಇಡಿ ದೀಪಗಳಿರುತ್ತವೆ, ಬೆಳಕು ಪುಟದ ಮೇಲೆ ಬೀಳುತ್ತದೆ, ಫೋನಿನಂತೆ ಹಿಂದಿನಿಂದ ಕಣ್ಣಿಗೆ ಹೊಡೆಯುವುದಿಲ್ಲ.

ಇನ್ನು ನಿಮ್ಮ ಪಿಡಿಎಫ್‌ಗಳು. ಇಲ್ಲೇ ಜನ ಎಡವುವುದು, ನಾನೂ ಎಡವಿದ್ದೇನೆ. ಹಗುರವಾಗಿದೆ ಅಂತ ಮೊದಲ ಸಲ 6 ಇಂಚಿನದು ಕೊಂಡು, ಪಿಡಿಎಫ್ ತೆರೆದು, ದೊಡ್ಡದು ಮಾಡಿ, ಅತ್ತ ಇತ್ತ ಎಳೆದಾಡಿ, ಒಂದು ಅಧ್ಯಾಯವೂ ಮುಗಿಯದೆ ಕಪಾಟಿನಲ್ಲಿಟ್ಟೆ. ಇಪಬ್ (ಇ-ಪುಸ್ತಕಗಳ ಒಂದು ಕಡತ ರೂಪ) ಪುಸ್ತಕದಲ್ಲಿ ಅಕ್ಷರ ದೊಡ್ಡದು ಮಾಡಿದರೆ ಸಾಲುಗಳು ತಾವೇ ಹೊಂದಿಕೊಳ್ಳುತ್ತವೆ. ಪಿಡಿಎಫ್‌ನಲ್ಲಿ ಪುಟದ ಅಳತೆ ಮೊದಲೇ ನಿಗದಿಯಾಗಿರುತ್ತದೆ. ಎ4 ಹಾಳೆಯ ಅಗಲ 21 ಸೆಂ.ಮೀ., 6 ಇಂಚಿನ (ಇದು ಮೂಲೆಯಿಂದ ಮೂಲೆಗೆ ಅಳೆದದ್ದು) ಪರದೆಯ ಅಗಲ ಸುಮಾರು 9 ಸೆಂ.ಮೀ. ಅಂದರೆ ಅಕ್ಷರ ಅರ್ಧಕ್ಕಿಂತಲೂ ಸಣ್ಣದಾಗುತ್ತದೆ. ಸ್ಕ್ಯಾನ್ ಮಾಡಿದ ಹಳೇ ಪುಸ್ತಕವಾದರಂತೂ ಒತ್ತಕ್ಷರಗಳು ಮಸಿಯ ಚುಕ್ಕೆಗಳೇ.

ಹಾಗಾಗಿ ನಿಮ್ಮ ಓದಿನಲ್ಲಿ ಪಿಡಿಎಫ್ ಎಷ್ಟು ಅಂತ ಸುಮ್ನೆ ಒಮ್ಮೆ ಲೆಕ್ಕ ಹಾಕಿ. ಅರ್ಧಕ್ಕಿಂತ ಜಾಸ್ತಿ ಇದ್ದರೆ 10 ಇಂಚಿನ ಆಸುಪಾಸಿನದು ನೋಡಿ. ಭಾರ, ಬೆಲೆ ಎರಡೂ ಹೆಚ್ಚು, ಮಲಗಿಕೊಂಡು ಒಂದೇ ಕೈಯಲ್ಲಿ ಹಿಡಿಯುವ ಆಸೆ ಬಿಡಬೇಕು. ಕಾದಂಬರಿಯೇ ಹೆಚ್ಚು ಅಂದರೆ 6 ಅಥವಾ 7 ಇಂಚು ಸಾಕು, ಪಿಡಿಎಫ್‌ಗಳನ್ನು ಕಂಪ್ಯೂಟರಿನಲ್ಲೇ ಓದಿಕೊಳ್ಳಿ. ಎರಡಕ್ಕೂ ಒಂದೇ ಇರಲಿ ಅಂತ ನಡುವಿನ ಅಳತೆ ಕೊಂಡವರು ಎರಡನ್ನೂ ಬೈಯುವುದನ್ನು ನೋಡಿದ್ದೇನೆ.

ಪ್ರಶ್ನೆ: ಇ-ರೀಡರ್‌ಗಳಲ್ಲಿ ಅಮೆಜಾನ್‌ನ ಕಿಂಡಲ್ಲೋ, ಕೋಬೊ ಕಂಪನಿಯದೋ?

ಉತ್ತರ: ಪರದೆಯಲ್ಲಿ ಹೇಳಿಕೊಳ್ಳುವಂಥ ವ್ಯತ್ಯಾಸವಿಲ್ಲ, ಎರಡರಲ್ಲೂ 300 ಪಿಪಿಐನವು (ಅಂದರೆ ಇಂಚಿಗೆ 300 ಚುಕ್ಕೆಗಳು) ಸಿಗುತ್ತವೆ. ಪುಸ್ತಕ ಎಲ್ಲಿಂದ ತರುತ್ತೀರಿ ಅನ್ನುವುದೇ ಮುಖ್ಯ. ಕೋಬೊ ಇಪಬ್ ಕಡತವನ್ನು ನೇರವಾಗಿ ತೆರೆಯುತ್ತದೆ. ಕಿಂಡಲ್‌ಗಾದರೆ ಅಮೆಜಾನ್‌ನದೇ 'ಸೆಂಡ್ ಟು ಕಿಂಡಲ್' ಸೇವೆಯ ಮೂಲಕ ಕಳಿಸಬೇಕು, ಅದು ತನಗೆ ಬೇಕಾದ ರೂಪಕ್ಕೆ ಬದಲಿಸಿಕೊಳ್ಳುತ್ತದೆ. ಅಮೆಜಾನ್‌ನಲ್ಲಿ ಕೊಂಡ ಪುಸ್ತಕಗಳು ಹೆಚ್ಚಾಗಿ ಅಲ್ಲೇ ಬೀಗ ಹಾಕಿಕೊಂಡಿರುತ್ತವೆ. ಅವುಗಳನ್ನು ಕಂಪ್ಯೂಟರಿಗೆ ಇಳಿಸಿಕೊಂಡು ಯುಎಸ್‌ಬಿಯಲ್ಲಿ ಕಿಂಡಲ್‌ಗೆ ಹಾಕುವ ದಾರಿಯನ್ನೂ 2025ರ ಫೆಬ್ರುವರಿಯಲ್ಲಿ ಕಂಪನಿ ಮುಚ್ಚಿತು. ಐದು ವರ್ಷ ಅಲ್ಲೇ ಕೊಳ್ಳುತ್ತಾ ಹೋದರೆ ಆಮೇಲೆ ಬೇರೆ ಕಂಪನಿಯದಕ್ಕೆ ಹೋಗುವುದು ಕಷ್ಟ. ಅಲ್ಲೇ ಇರುತ್ತೇನೆ ಅನ್ನುವವರಿಗೆ ಅದರಷ್ಟು ಸಲೀಸಾದದ್ದೂ ಇಲ್ಲ ಅನ್ನಿ.

ಯಾವುದೇ ಇರಲಿ, ಕೊಳ್ಳುವ ಮೊದಲು ಗೆಳೆಯರ ಸಾಧನದಲ್ಲಿ ಒಂದು ಕನ್ನಡ ಇಪಬ್ ತೆರೆದು ನೋಡಿ. ಒತ್ತಕ್ಷರ ಕೆಳಗೆ ಸರಿಯಾಗಿ ಕೂತಿದೆಯಾ, ಪಕ್ಕಕ್ಕೆ ಜಾರಿದೆಯಾ, ಬರೀ ಚೌಕಗಳೇ ಬಂದಿವೆಯಾ? ಜಾಹೀರಾತು ಇದನ್ನು ಹೇಳುವುದಿಲ್ಲ.

ಪ್ರಶ್ನೆ: ಬಣ್ಣದ ಪರದೆಯ ಇ-ರೀಡರ್ ತಗೊಳ್ಳಬಹುದಾ?

ಉತ್ತರ: ಕಾಮಿಕ್ಸ್, ನಕ್ಷೆ, ಮಕ್ಕಳ ಪುಸ್ತಕ ಓದುವುದಾದರೆ ತಗೊಳ್ಳಿ. ಬರೀ ಅಕ್ಷರ ಓದುವುದಾದರೆ ಬೇಡ. ಈಗ ಹೆಚ್ಚಾಗಿ ಸಿಗುವ ಕೆಲೈಡೊ 3 ಪರದೆಯಲ್ಲಿ ಕಪ್ಪು-ಬಿಳುಪು 300 ಪಿಪಿಐ, ಬಣ್ಣ 150 ಮಾತ್ರ. ಮೇಲೊಂದು ಬಣ್ಣದ ಪದರ ಇರುವುದರಿಂದ ಪುಟವೂ ಸ್ವಲ್ಪ ಮಂಕು, ಹಗಲಲ್ಲೂ ದೀಪ ಹಾಕಿಕೊಳ್ಳಬೇಕಾಗುತ್ತದೆ.

ಪ್ರಶ್ನೆ: 8 ಜಿಬಿ ಸಾಕಾ, 32 ಬೇಕಾ?

ಉತ್ತರ: ಬರೀ ಅಕ್ಷರದ ಪುಸ್ತಕ ಸಾಮಾನ್ಯವಾಗಿ ಒಂದೆರಡು ಎಂಬಿ ಇರುತ್ತದೆ. 8 ಜಿಬಿಯಲ್ಲಿ ಸಾವಿರಾರು ಹಿಡಿಯುತ್ತವೆ, ಅಷ್ಟು ಓದಿ ಮುಗಿಸಿದ ಮೇಲೆ ಬರೆಯಿರಿ. ಆಡಿಯೊ ಪುಸ್ತಕ, ಕಾಮಿಕ್ಸ್ ತುಂಬಿಕೊಳ್ಳುವವರು ಮಾತ್ರ 32 ನೋಡಲಿ.