ಗೂಗಲ್‌ನ ಮೊದಲ ಪುಟದ ಗ್ಯಾರಂಟಿ ಕೊಡುವವರಿಗೆ ಹಣ ಕೊಡಲೇ?

ಈ ಸಲ ಬಂದ ಪ್ರಶ್ನೆಗಳಲ್ಲಿ ಹೆಚ್ಚಿನವು ಒಂದೇ ಹಿಟ್ಟಿನ ದೋಸೆಗಳು. ಕೀವರ್ಡ್ ಎಂದರೆ ಜನ ಹುಡುಕುವಾಗ ಟೈಪ್ ಮಾಡುವ ಮಾತು, ಎಸ್‌ಇಒ ಎಂದರೆ ಹುಡುಕಾಟದಲ್ಲಿ ವೆಬ್‌ಸೈಟನ್ನು ಮೇಲೆ ತರುವ ಕೆಲಸ. ಇದಕ್ಕಿಂತ ಹೆಚ್ಚು ಬಿಡಿಸಿ ಹೇಳುವ ತಾಳ್ಮೆ ನನಗಿಲ್ಲ. ವ್ಯಾಪಾರಕ್ಕೆಂದು ವೆಬ್‌ಸೈಟ್ ಮಾಡಿಸಿದವರಿಗೆ ಅಷ್ಟು ಗೊತ್ತಿರಬೇಕು. ಮುಂಬೈ ಬಳಿಯ ಡೊಂಬಿವಲಿಯಿಂದ ಬಂದ ಪತ್ರವೊಂದಕ್ಕೆ ವಿವರವಾಗಿ ಉತ್ತರಿಸುತ್ತೇನೆ. ಉಳಿದವರು ಚುಟುಕು ಉತ್ತರಕ್ಕೆ ಮುನಿಸಿಕೊಳ್ಳಬಾರದು.

ಪ್ರಶ್ನೆ: ಡೊಂಬಿವಲಿಯಲ್ಲಿ ನಮ್ಮದು ಉಡುಪಿ ಶೈಲಿಯ ಕ್ಯಾಟರಿಂಗ್. ಒಂದೂವರೆ ವರ್ಷದಿಂದ ಒಂದು ಏಜೆನ್ಸಿಗೆ ತಿಂಗಳಿಗೆ 12,000 ರೂಪಾಯಿ ಕೊಡುತ್ತಿದ್ದೇನೆ. ಅವರು 64 ಬಡಾವಣೆಗಳ ಹೆಸರಿನಲ್ಲಿ ಪುಟ ಮಾಡಿದ್ದಾರೆ, ವಾರಕ್ಕೆ ಎರಡು ಲೇಖನ ಹಾಕುತ್ತಾರೆ. ಆದರೂ ವೆಬ್‌ಸೈಟ್ ನೋಡಿ ಫೋನ್ ಮಾಡುವವರಿಲ್ಲ. ಬರುವ ಗಿರಾಕಿಗಳೆಲ್ಲ ಬಾಯಿಮಾತಿನಿಂದ ಬಂದವರೇ. ಈಗ ಇನ್ನೂ 40,000 ಕೊಟ್ಟರೆ 2,000 ಬ್ಯಾಕ್‌ಲಿಂಕ್ (ಬೇರೆ ವೆಬ್‌ಸೈಟುಗಳಿಂದ ನಮ್ಮದಕ್ಕೆ ಲಿಂಕ್) ಹಾಕಿ 90 ದಿನಗಳಲ್ಲಿ ಮೊದಲ ಪುಟಕ್ಕೆ ತರುತ್ತೇವೆ, ಗ್ಯಾರಂಟಿ ಎನ್ನುತ್ತಾರೆ. ಕೊಡಲೇ?

ಕೊಡಬೇಡಿ. ಕೊಟ್ಟಿರುವ ಎರಡು ಲಕ್ಷ ಹದಿನಾರು ಸಾವಿರವೇ ಸಾಕು.

ಮೊದಲ ಸ್ಥಾನಕ್ಕೆ ಯಾರೂ ಖಾತರಿ ಕೊಡಲಾರರು ಎಂದು ಗೂಗಲ್ ತನ್ನ ಮಾರ್ಗದರ್ಶಿಯಲ್ಲೇ ಬರೆದಿದೆ. ಆದರೂ ಮೂಗಿಗೆ ತುಪ್ಪ ಸವರುವವರ ಧಂದೆ ನಿಂತಿಲ್ಲ. ಅವರ ಕೈಚಳಕ ತಿಳಿದಿರಲಿ. ಹುಟ್ಟಿದ ಯಾವ ಮನುಷ್ಯನೂ ಹುಡುಕದ ‘ಡೊಂಬಿವಲಿ ಪೂರ್ವ ಶುದ್ಧ ಸಸ್ಯಾಹಾರಿ ಉಡುಪಿ ಕ್ಯಾಟರಿಂಗ್ ಸೇವಾದಾರರು’ ಎಂಬಂಥ ಮಾರುದ್ದದ ಮಾತನ್ನು ಆರಿಸಿಕೊಳ್ಳುತ್ತಾರೆ. ಅದಕ್ಕೆ ಪೈಪೋಟಿಯೇ ಇರುವುದಿಲ್ಲ, ನಿಮ್ಮ ಪುಟ ಮೇಲೆ ಬರುತ್ತದೆ, ಅದರ ಸ್ಕ್ರೀನ್‌ಶಾಟ್ ಬಿಲ್ಲಿನ ಜೊತೆ ಬರುತ್ತದೆ. ಇಲ್ಲವೇ ನಿಮ್ಮದೇ ಅಡುಗೆಮನೆಯಲ್ಲಿ ನಿಂತು, ನಿಮ್ಮದೇ ಮೊಬೈಲಿನಲ್ಲಿ ಹುಡುಕಿ ತೋರಿಸುತ್ತಾರೆ. ಸ್ಥಳೀಯ ಹುಡುಕಾಟದಲ್ಲಿ ದೂರವೂ ಲೆಕ್ಕಕ್ಕೆ ಬರುತ್ತದೆ. ಅಲ್ಲಿ ನಿಂತು ಹುಡುಕಿದರೆ ನೀವಲ್ಲದೆ ಇನ್ಯಾರು ಮೇಲೆ ಬರಬೇಕು? ಲೋಕಲ್ ರೈಲು ಹಿಡಿದು ಥಾಣೆಗೆ ಹೋಗಿ, ಬರೀ ‘ಕ್ಯಾಟರಿಂಗ್’ ಎಂದು ಹುಡುಕಿ ತೋರಿಸಲಿ, ನೋಡೋಣ.

ಇನ್ನು ಬ್ಯಾಕ್‌ಲಿಂಕ್. 40,000ಕ್ಕೆ 2,000 ಎಂದರೆ ಒಂದಕ್ಕೆ 20 ರೂಪಾಯಿ. ಒಂದು ಕಟಿಂಗ್ ಚಹಾದ ದುಡ್ಡಿಗೆ ನಿಮ್ಮ ಗುಣಗಾನ ಮಾಡುವ ವೆಬ್‌ಸೈಟ್ ಎಂಥದ್ದಿರಬಹುದು? ನಾನೇನೂ ಸಾಚಾ ಅಲ್ಲ. 2011ರಲ್ಲಿ ಒಬ್ಬ ಫರ್ನಿಚರ್ ವ್ಯಾಪಾರಿಗೆ ನಾನೇ ಹೀಗೆ ಲಿಂಕ್ ಕೊಂಡು ಕೊಟ್ಟಿದ್ದೆ. ಕೆಲವು ತಿಂಗಳು ಮೆರೆದೆವು. 2012ರ ಏಪ್ರಿಲ್‌ನಲ್ಲಿ ಇಂಥ ಲಿಂಕುಗಳನ್ನು ಹಿಡಿಯಲು ಗೂಗಲ್ ತನ್ನ ಹುಡುಕಾಟದಲ್ಲಿ ‘ಪೆಂಗ್ವಿನ್’ ಎಂಬ ಬದಲಾವಣೆ ತಂದದ್ದೇ ತಡ, ಅಂಗಡಿ ಹುಡುಕಿದರೂ ಸಿಗದಂತಾಯಿತು. ಲಿಂಕ್ ತೆಗೆಯಿರಿ ಎಂದು ಆ ವೆಬ್‌ಸೈಟುಗಳಿಗೆಲ್ಲ ಮೇಲ್ ಬರೆಯುತ್ತಾ ಕುಳಿತೆ. ತೆಗೆಯುವುದಕ್ಕೂ ಹಣ ಕೇಳಿದವರಿದ್ದರು! ಇಂಥ ಲಿಂಕುಗಳನ್ನು ಗೂಗಲ್ ಈಗ ಹೆಚ್ಚಾಗಿ ಲೆಕ್ಕಕ್ಕೇ ಹಿಡಿಯುವುದಿಲ್ಲ. ಅದೃಷ್ಟ ಚೆನ್ನಾಗಿದ್ದರೆ ನಿಮ್ಮ 40,000 ಹೊಳೆಯಲ್ಲಿ ಹುಣಸೆಹಣ್ಣು ಕಿವುಚಿದಂತೆ. ಕೆಟ್ಟರೆ ದಂಡನೆಯೂ ಉಂಟು.

ನಿಮ್ಮ ವೆಬ್‌ಸೈಟ್ ನೋಡಿದೆ. ಮಾಟುಂಗಾ ಪುಟದಲ್ಲಿ, ‘ಮಾಟುಂಗಾ ಒಂದು ಸುಂದರ ಪ್ರದೇಶ, ಇಲ್ಲಿಯ ಜನ ರುಚಿಯಾದ ಊಟವನ್ನು ಇಷ್ಟಪಡುತ್ತಾರೆ’ ಎಂದಿದೆ. ಮುಲುಂಡ್ ಪುಟದಲ್ಲೂ ಅದೇ ವಾಕ್ಯ, ಊರಿನ ಹೆಸರು ಮಾತ್ರ ಬೇರೆ. ವಿಕ್ರೋಲಿ ಪುಟದ ಮೂರನೆಯ ಸಾಲಿನಲ್ಲಿ ಹೆಸರು ಬದಲಿಸುವುದನ್ನೂ ಮರೆತಿದ್ದಾರೆ, ಅಲ್ಲಿ ಇನ್ನೂ ಭಾಂಡುಪ್ ಇದೆ. ಇಂಥ ಪುಟಗಳನ್ನು ಗೂಗಲ್ ‘ಡೋರ್‌ವೇ’ ಎಂದು ಕರೆದು ಸ್ಪ್ಯಾಮ್ ಪಟ್ಟಿಗೆ ಸೇರಿಸಿದೆ. ಲೇಖನಗಳ ಕಥೆಯೂ ಇಷ್ಟೇ: ‘ಸಮತೋಲಿತ ಆಹಾರದ 10 ಲಾಭಗಳು’, ‘ಮದುವೆಯಲ್ಲಿ ಊಟದ ಮಹತ್ವ’. ಮಗಳ ಮದುವೆಗೆ ಅಡುಗೆಯವರನ್ನು ಹುಡುಕುವ ತಂದೆಗೆ ಊಟದ ಮಹತ್ವವನ್ನು ಇವರು ಕಲಿಸಬೇಕೇ? ಸ್ಥಾನ ಗಿಟ್ಟಿಸುವುದಕ್ಕಾಗಿಯೇ ರಾಶಿ ರಾಶಿ ಬರಹ ಸುರಿಯುವುದನ್ನು, ಅದನ್ನು ಮನುಷ್ಯ ಬರೆದಿರಲಿ ಯಂತ್ರ ಬರೆದಿರಲಿ, 2024ರ ಮಾರ್ಚ್‌ನಿಂದ ಗೂಗಲ್ ದುರ್ಬಳಕೆ ಎಂದೇ ಪರಿಗಣಿಸುತ್ತದೆ.

ಒಂದು ವಾರ ಗಿರಾಕಿಗಳು ಫೋನಿನಲ್ಲಿ ಕೇಳಿದ್ದನ್ನೆಲ್ಲ ಬರೆದಿಡಿ ಎಂದು ನಿಮಗೆ ಹೇಳಿದ್ದೆ. ನೀವು ಕಳಿಸಿದ ಚೀಟಿಯ ಫೋಟೋ ನನ್ನ ಮುಂದಿದೆ. ಮೂಲೆಯಲ್ಲಿ ‘ರವೆ 5 ಕಿಲೋ, ಗೋಡಂಬಿ ತುಂಡು’ ಎಂದಿರುವುದೂ ಕಾಣುತ್ತದೆ. ಪ್ರಶ್ನೆಗಳು ಇವು. ನಲವತ್ತೇ ಜನ, ಬರುತ್ತೀರಾ? ಎಲೆ ಊಟಕ್ಕೂ ಬಫೆಗೂ ದರದಲ್ಲಿ ಎಷ್ಟು ವ್ಯತ್ಯಾಸ? ಬಡಿಸುವವರು ನಿಮ್ಮವರೇ? ಸತ್ಯನಾರಾಯಣ ಪೂಜೆಗೆ ಈರುಳ್ಳಿ ಬೆಳ್ಳುಳ್ಳಿ ಇಲ್ಲದೆ ಮಾಡುತ್ತೀರಾ? ನಮ್ಮ ಸೊಸೈಟಿಯ ಹಾಲ್‌ನಲ್ಲಿ ಒಲೆ ಹಚ್ಚಲು ಬಿಡುವುದಿಲ್ಲ, ಅಡುಗೆ ಬಿಸಿಯಾಗಿ ತಲುಪುತ್ತದೆಯೇ? ಮಿಕ್ಕಿದ ಅಡುಗೆಯನ್ನು ಏನು ಮಾಡುತ್ತೀರಿ?

ಆ 150 ಲೇಖನಗಳಿಗಿಂತ ಈ ಚೀಟಿಯ ತೂಕ ಹೆಚ್ಚು. ಇಲ್ಲಿ ಕೇಳಿರುವುದನ್ನೇ ಜನ ಫೋನ್ ಎತ್ತುವ ಮೊದಲು ಗೂಗಲ್‌ನಲ್ಲಿಯೂ ಕೇಳುತ್ತಾರೆ. ಸೊಸೈಟಿ ಹಾಲ್‌ನ ಪ್ರಶ್ನೆಗೆ ನೀವು ಗಿರಾಕಿಗೆ ಏನು ಹೇಳಿದಿರೋ ಅದನ್ನೇ ಒಂದು ಪುಟವಾಗಿಸಿ: ಅಡುಗೆ ಎಲ್ಲಿ ಆಗುತ್ತದೆ, ಎಷ್ಟು ಗಂಟೆಗೆ ಟೆಂಪೋ ಹೊರಡುತ್ತದೆ, ಸಾಂಬಾರು ಯಾವ ಪಾತ್ರೆಯಲ್ಲಿ ಬರುತ್ತದೆ, ಪಂಕ್ತಿಗೆ ಎಷ್ಟು ಜನ ಬಡಿಸುತ್ತಾರೆ. ಫೋಟೋ ನಿಮ್ಮ ಸ್ವಂತದ್ದಿರಲಿ. ಈಗ ಮುಖಪುಟದಲ್ಲಿ ಟೈ ಕಟ್ಟಿದ ವಿದೇಶಿ ಬಾಣಸಿಗನೊಬ್ಬ ನಗುತ್ತಿದ್ದಾನೆ, ಅವನನ್ನು ಇಳಿಸಿ. ಬರೆಯಲು ಬರುವುದಿಲ್ಲ ಎನ್ನಬೇಡಿ. ನೀವು ಹೇಳುತ್ತಾ ಹೋಗಿ, ಮನೆಯಲ್ಲಿ ಯಾರಾದರೂ ಬರೆದುಕೊಳ್ಳಲಿ.

ದರವನ್ನೂ ಹಾಕಿ. ಪಕ್ಕದವರು ನೋಡಿಬಿಡುತ್ತಾರೆ ಎಂದು ಹೆದರುತ್ತೀರಿ. ನಿಮಗೂ ಅವರಿಗೂ ಬಾಳೆ ಎಲೆ ಕೊಡುವವನು ಒಬ್ಬನೇ, ನಿಮ್ಮ ದರ ಅವರಿಗೆ ಎಂದೋ ಗೊತ್ತಾಗಿದೆ. ಗೊತ್ತಿಲ್ಲದವನು ಗಿರಾಕಿ ಮಾತ್ರ.

64 ಪುಟಗಳನ್ನು ಕಣ್ಣು ಮುಚ್ಚಿ ಅಳಿಸಬೇಡಿ. ಉಚಿತವಾಗಿ ಸಿಗುವ ಗೂಗಲ್ ಸರ್ಚ್ ಕನ್ಸೋಲ್‌ನಲ್ಲಿ, ಹುಡುಕಾಟದಿಂದ ಯಾವ ಪುಟಕ್ಕೆ ಎಷ್ಟು ಕ್ಲಿಕ್ ಬಂತು ಎಂಬ 16 ತಿಂಗಳ ಲೆಕ್ಕ ಇರುತ್ತದೆ. ಯಾವ ಪುಟಕ್ಕೆ ಒಂದೂ ಕ್ಲಿಕ್ ಬಂದಿಲ್ಲವೋ ಅದನ್ನು ತೆಗೆಯಿರಿ. ಬಂದಿದ್ದರೆ, ಅದಕ್ಕೆ ನಿಜವಾಗಿ ಹೊಂದುವ ಪುಟಕ್ಕೆ ರೀಡೈರೆಕ್ಟ್ ಮಾಡಿಸಿ, ಅಂದರೆ ಹಳೆಯ ಪುಟಕ್ಕೆ ಬಂದವರು ತಾವಾಗಿಯೇ ಅಲ್ಲಿಗೆ ಹೋಗುವಂತೆ. ಎಲ್ಲವನ್ನೂ ಮುಖಪುಟಕ್ಕೆ ತಳ್ಳುವುದು ಸೋಮಾರಿಗಳ ಕೆಲಸ, ಅದರಿಂದ ಉಪಯೋಗವಿಲ್ಲ. ಆಮೇಲೆ ಕಾಯಿರಿ. ಈ ಕೆಲಸದ ಫಲ ಕಾಣಲು ಸಾಮಾನ್ಯವಾಗಿ ನಾಲ್ಕು ತಿಂಗಳಿಂದ ಒಂದು ವರ್ಷ ಬೇಕು ಎಂದು 2017ರಲ್ಲಿ ಗೂಗಲ್‌ನವರೇ ಹೇಳಿದ್ದರು. ನನ್ನ ಅನುಭವವೂ ಅದೇ.

ಏಜೆನ್ಸಿಯನ್ನು ಬಿಡುವ ಮೊದಲು ಒಂದು ಎಚ್ಚರ. ಡೊಮೇನ್, ಅಂದರೆ ವೆಬ್‌ಸೈಟಿನ ವಿಳಾಸ, ಯಾರ ಹೆಸರಿನಲ್ಲಿದೆ ನೋಡಿ. ಹೋಸ್ಟಿಂಗ್‌ನ (ವೆಬ್‌ಸೈಟ್ ಇಟ್ಟಿರುವ ಸರ್ವರ್‌ನ) ಪಾಸ್‌ವರ್ಡ್, ಸರ್ಚ್ ಕನ್ಸೋಲ್, ಗೂಗಲ್ ಮ್ಯಾಪ್‌ನಲ್ಲಿ ನಿಮ್ಮ ವ್ಯಾಪಾರವನ್ನು ತೋರಿಸುವ ಗೂಗಲ್ ಬಿಸಿನೆಸ್ ಪ್ರೊಫೈಲ್‌ನ ಮಾಲೀಕತ್ವ ಎಲ್ಲವೂ ನಿಮ್ಮ ಇಮೇಲ್‌ಗೆ ಬರಲಿ. ಜಗಳ ಆಡುವುದಿದ್ದರೆ ಆಮೇಲೆ ಆಡಿ. ಡೊಮೇನ್ ಏಜೆನ್ಸಿಯ ಹೆಸರಿನಲ್ಲಿದ್ದರೆ ನಗುನಗುತ್ತಲೇ ವರ್ಗಾಯಿಸಿಕೊಳ್ಳಿ.

ಪ್ರಶ್ನೆ: ಪುಣೆಯ ಭೋಸರಿಯಲ್ಲಿ ನಮ್ಮದು ಸಿಎನ್‌ಸಿ ಜಾಬ್‌ವರ್ಕ್ ಘಟಕ (ಕಂಪ್ಯೂಟರ್ ನಿಯಂತ್ರಿತ ಯಂತ್ರಗಳಲ್ಲಿ ಬೇರೆಯವರಿಗೆ ಬಿಡಿಭಾಗ ಮಾಡಿಕೊಡುತ್ತೇವೆ). ವೆಬ್‌ಸೈಟನ್ನು ಹೊಸದಾಗಿ, ಬಹಳ ಚೆಂದವಾಗಿ ಮಾಡಿಸಿದೆವು. ಅಂದಿನಿಂದ ವಿಚಾರಣೆಯ ಮೇಲ್‌ಗಳು ಅರ್ಧಕ್ಕರ್ಧ ಇಳಿದಿವೆ.

ಹಳೆಯ ಪುಟಗಳ ವಿಳಾಸಗಳೆಲ್ಲ ಬದಲಾಗಿರಬೇಕು, ಹಳೆಯದರಿಂದ ಹೊಸದಕ್ಕೆ 301 (ಕಾಯಂ) ರೀಡೈರೆಕ್ಟ್ ಹಾಕಿರುವುದಿಲ್ಲ. ಮನೆ ಬದಲಿಸಿ ಅಂಚೆಯವನಿಗೆ ಹೇಳದೆ ಇದ್ದಂತೆ. ಒಂದೊಂದು ಹಳೆಯ ಪುಟಕ್ಕೂ ಅದರದೇ ಹೊಸ ಪುಟವನ್ನು ಜೋಡಿಸಿ, ಕನಿಷ್ಠ ಒಂದು ವರ್ಷ ಹಾಗೇ ಇರಲಿ. ಹಳೆಯ ವೆಬ್‌ಸೈಟಿನಲ್ಲಿ ಯಂತ್ರಗಳ ಅಳತೆ, ಟಾಲರೆನ್ಸ್ (ಅಳತೆಯಲ್ಲಿ ಎಷ್ಟು ಹೆಚ್ಚುಕಡಿಮೆ ಆಗಬಹುದು ಎಂಬುದು), ಲೋಹಗಳ ಪಟ್ಟಿ ಇತ್ತೇ? ಚೆಂದ ಮಾಡುವ ಭರದಲ್ಲಿ ಅದನ್ನು ಕಿತ್ತುಹಾಕಿ ‘ಗುಣಮಟ್ಟವೇ ನಮ್ಮ ಉಸಿರು’ ಎಂದು ಬರೆದಿದ್ದರೆ ಪಟ್ಟಿಯನ್ನು ಮರಳಿ ತನ್ನಿ. ಖರೀದಿ ವಿಭಾಗದವರು ಉಸಿರನ್ನು ಹುಡುಕುವುದಿಲ್ಲ.

ಪ್ರಶ್ನೆ: ಮಡಗಾಂವ್ ಬಳಿ ನಮ್ಮ ಹೋಮ್‌ಸ್ಟೇ ಇದೆ. 5,000 ರೂಪಾಯಿಗೆ 100 ಐದು ನಕ್ಷತ್ರದ ರಿವ್ಯೂ ಸಿಗುತ್ತವೆಯಂತೆ.

ನಿಮ್ಮ ಗೂಗಲ್ ಪ್ರೊಫೈಲನ್ನೇ ಕಳೆದುಕೊಳ್ಳುವ ಆಸೆ ಇದ್ದರೆ ತೆಗೆದುಕೊಳ್ಳಿ. ಹೊರಡುವ ಅತಿಥಿಯನ್ನು ನೀವೇ ಬಾಯಿಬಿಟ್ಟು ಕೇಳಿದರೆ ಬೇಡ ಎನ್ನುವುದಿಲ್ಲ. ಅದಕ್ಕೆ ರಿಯಾಯಿತಿಯ ಆಮಿಷ ಮಾತ್ರ ಬೇಡ, ಅದೂ ನಿಯಮಕ್ಕೆ ವಿರುದ್ಧ.

ಪ್ರಶ್ನೆ: ಕೀವರ್ಡ್ ಮೆಟಾ ಟ್ಯಾಗ್‌ನಲ್ಲಿ (ಪುಟದ ಕೋಡ್‌ನೊಳಗೆ ಅಡಗಿರುವ ಪದಗಳ ಪಟ್ಟಿಯಲ್ಲಿ) ಎಷ್ಟು ಪದ ತುಂಬಬೇಕು? (ಘಾಟ್ಕೋಪರ್)

ಸೊನ್ನೆ. ಸ್ಥಾನ ನಿರ್ಧರಿಸಲು ಅದನ್ನು ನೋಡುವುದೇ ಇಲ್ಲ ಎಂದು ಗೂಗಲ್ 2009ರ ಸೆಪ್ಟೆಂಬರ್‌ನಲ್ಲೇ ಹೇಳಿದೆ. ಆ ವರ್ಷ ಹುಟ್ಟಿದ ಮಕ್ಕಳು ಹತ್ತನೆಯ ತರಗತಿ ಮುಗಿಸಿದ್ದಾರೆ.

ಪ್ರಶ್ನೆ: ಗೂಗಲ್‌ಗೆ ಜಾಹೀರಾತು ಕೊಟ್ಟರೆ ಮಾಮೂಲಿ ಹುಡುಕಾಟದಲ್ಲೂ ಮೇಲೆ ಬರುತ್ತೇವೆಯೇ? (ಥಾಣೆ)

ಇಲ್ಲ.

ಪ್ರಶ್ನೆ: ಚಾಟ್‌ಜಿಪಿಟಿ ಬಂದ ಮೇಲೆ ಎಸ್‌ಇಒ ಸತ್ತೇಹೋಯಿತಂತೆ, ನಿಜವೇ? (ವಾಶಿ)

ಹಾಗೆಂದು ಹೇಳಿದವನು ಅದೇ ಉಸಿರಿನಲ್ಲಿ ಹೊಸ ಹೆಸರಿನ ಪ್ಯಾಕೇಜ್ ಮಾರಲು ಬಂದಿದ್ದನೇ? ಹಾಗಿದ್ದರೆ ಹಳೆಯ ಪ್ಯಾಕೇಜ್ ಮಾರುವುದನ್ನು ನಿಲ್ಲಿಸಿದ್ದಾನೆಯೇ ಎಂದು ಕೇಳಿ ನೋಡಿ.

ಪ್ರಶ್ನೆ: ವೆಬ್‌ಸೈಟ್ ಮಾಡಿಸಿ ಆರು ತಿಂಗಳಾಯಿತು. ನಮ್ಮ ಅಂಗಡಿಯ ಹೆಸರನ್ನೇ ಹಾಕಿ ಹುಡುಕಿದರೂ ಗೂಗಲ್‌ನಲ್ಲಿ ಇಲ್ಲ. (ವಾಸ್ಕೋ)

ವೆಬ್‌ಸೈಟ್ ವರ್ಡ್‌ಪ್ರೆಸ್‌ನಲ್ಲಿ ಇದೆ ಎಂದು ಬರೆದಿದ್ದೀರಿ. ಸೆಟ್ಟಿಂಗ್ಸ್‌ಗೆ ಹೋಗಿ, ರೀಡಿಂಗ್ ತೆರೆಯಿರಿ. ಸರ್ಚ್ ಎಂಜಿನ್‌ಗಳು ಈ ತಾಣವನ್ನು ಸೇರಿಸಿಕೊಳ್ಳುವುದು ಬೇಡ ಎಂಬರ್ಥದ ಸಾಲಿನ ಪಕ್ಕ ಟಿಕ್ ಇರುತ್ತದೆ. ಕೆಲಸ ನಡೆಯುವಾಗ ಹಾಕಿದ್ದನ್ನು ತೆಗೆಯಲು ಮರೆತಿದ್ದಾರೆ. ನೀವೇ ತೆಗೆಯಿರಿ, ಅರ್ಧ ನಿಮಿಷದ ಕೆಲಸ. ಅದಕ್ಕೂ ಬಿಲ್ ಕಳಿಸಿದರೆ ಆ ಬಿಲ್ಲನ್ನು ನನಗೆ ಕಳಿಸಿ.