ಕನ್ಸ್ಯೂಮರಿಸಂ: ಗ್ರಾಹಕನ ಹಕ್ಕೋ, ಕೊಳ್ಳುಬಾಕತನವೋ?

ಪ್ರಶ್ನೆ: ಮಗಳ ಪಠ್ಯಪುಸ್ತಕದಲ್ಲಿ ‘ಕನ್ಸ್ಯೂಮರಿಸಂ’ ಎಂದರೆ ಗ್ರಾಹಕರ ಹಕ್ಕುಗಳ ಚಳವಳಿ ಎಂದಿದೆ. ಪತ್ರಿಕೆಗಳಲ್ಲಿ ಅದೇ ಪದ ಬೈಗುಳದಂತೆ ಕಾಣುತ್ತದೆ. ಯಾವುದು ಸರಿ?
– ಓದುಗರೊಬ್ಬರು, ಹಾಸನ

ಉತ್ತರ: ಎರಡೂ ಸರಿಯೇ, ಗೊಂದಲ ನಿಮ್ಮದಲ್ಲ, ಪದದ್ದು. ಅದಕ್ಕೆ ಮೂರು ಅರ್ಥಗಳಿವೆ.

ಮೊದಲನೆಯದು ಕೊಳ್ಳುವವರ ರಕ್ಷಣೆಯ ಅರ್ಥ. 1962ರ ಮಾರ್ಚ್ 15ರಂದು ಅಮೆರಿಕದ ಅಧ್ಯಕ್ಷ ಕೆನಡಿ ಅಲ್ಲಿನ ಕಾಂಗ್ರೆಸ್ಸಿಗೆ ಕಳುಹಿಸಿದ ಸಂದೇಶದಲ್ಲಿ ಸುರಕ್ಷತೆ, ಮಾಹಿತಿ, ಆಯ್ಕೆ ಮತ್ತು ಅಹವಾಲು ಹೇಳಿಕೊಳ್ಳುವ ಹಕ್ಕುಗಳನ್ನು ಹೆಸರಿಸಿದರು. ನಮ್ಮ 1986ರ ಗ್ರಾಹಕ ಸಂರಕ್ಷಣಾ ಕಾಯ್ದೆಯೂ ಅದರ ಜಾಗಕ್ಕೆ ಬಂದ 2019ರ ಕಾಯ್ದೆಯೂ ಇದೇ ಜಾಡಿನವು. ನಿಮ್ಮೂರಿನ ಎಪಿಎಂಸಿಯಲ್ಲಿ ಪಂಜಾಬಿನಿಂದ ಬಂದ ಬಿತ್ತನೆ ಆಲೂಗಡ್ಡೆಯ ಮೂಟೆ ಬಿಚ್ಚಿಸಿ, ಒಂದು ಗೆಡ್ಡೆಯನ್ನು ಕುಯ್ದು ಒಳಗೆ ಕಪ್ಪಾಗಿದೆಯೇ ಎಂದು ನೋಡಿ, ರಸೀದಿ ಕೇಳಿ ಪಡೆಯುವ ರೈತ ಈ ಅರ್ಥವನ್ನೇ ಬದುಕುತ್ತಿರುತ್ತಾನೆ. ಲಾಭಕ್ಕಾಗಿ ಬೆಳೆಯುವವನು ಗ್ರಾಹಕನೇ ಅಲ್ಲ ಎಂಬ ವಾದವನ್ನು ಸುಪ್ರೀಂ ಕೋರ್ಟ್ 2012ರಲ್ಲಿ, ರಾಷ್ಟ್ರೀಯ ಬೀಜ ನಿಗಮದ ಪ್ರಕರಣದಲ್ಲಿ, ತಳ್ಳಿಹಾಕಿತು. ಬಿತ್ತನೆ ಬೀಜ ಕೊಂಡ ರೈತನೂ ಗ್ರಾಹಕನೇ.

ಎರಡನೆಯದು ಅರ್ಥಶಾಸ್ತ್ರದ ವಿಚಾರ: ಜನ ಹೆಚ್ಚು ಕೊಂಡಷ್ಟೂ ಉತ್ಪಾದನೆ, ಉದ್ಯೋಗ ಬೆಳೆಯುತ್ತವೆ ಎಂಬುದು. ಇದರಲ್ಲಿ ಹೊಗಳಿಕೆಯೂ ಇಲ್ಲ, ಬೈಗುಳವೂ ಇಲ್ಲ.

ಪತ್ರಿಕೆಗಳು ಬಳಸುವುದು ಮೂರನೆಯದನ್ನು. ಅದಕ್ಕೆ ಕನ್ನಡ ‘ಕೊಳ್ಳುಬಾಕತನ’ ಎಂಬ ಸೊಗಸಾದ ಪದವನ್ನು ಕೊಟ್ಟಿದೆ. ‘ಹೊಟ್ಟೆಬಾಕ’ನ ಅಚ್ಚಿನಲ್ಲೇ ಕಟ್ಟಿದ್ದರಿಂದ ಅದರೊಳಗೇ ತೀರ್ಪು ಕೂತಿದೆ. (ಇಂಗ್ಲಿಷಿನ ಪದಕ್ಕೆ ಈ ಖಾರವಿಲ್ಲ.) ಎಲ್ಲ ಖರೀದಿಯೂ ಕೊಳ್ಳುಬಾಕತನವಲ್ಲ: ಮೂಡಿಗೆರೆಯ ಮಳೆಗಾಲದಲ್ಲಿ ಬಟ್ಟೆ ಒಣಗದ ಮನೆಯವರು ಡ್ರೈಯರ್ ಕೊಂಡರೆ ಅದು ಅಗತ್ಯ. ಕಾಫಿಗೆ ಒಳ್ಳೆಯ ಬೆಲೆ ಬಂದ ವರ್ಷ, ಚೆನ್ನಾಗಿಯೇ ಓಡುತ್ತಿರುವ ಜೀಪನ್ನು ಮೂಲೆಗೆ ತಳ್ಳಿ, ಪಕ್ಕದ ತೋಟದವರಿಗಿಂತ ದೊಡ್ಡ ಕಾರು ಅಂಗಳದಲ್ಲಿ ನಿಲ್ಲಲೇಬೇಕು ಎನ್ನಿಸಿದರೆ ವಿಷಯ ಬೇರೆ. ಅಮೆರಿಕದ ಅರ್ಥಶಾಸ್ತ್ರಜ್ಞ ಥಾರ್‌ಸ್ಟೈನ್ ವೆಬ್ಲೆನ್ 1899ರಲ್ಲೇ ವಿವರಿಸಿದ ‘ಪ್ರದರ್ಶನಕ್ಕಾಗಿ ಬಳಕೆ’ ಇದುವೇ. ಇಲ್ಲಿ ಕೊಂಡ ವಸ್ತುವಿಗಿಂತ ಅದನ್ನು ನೋಡುವ ಕಣ್ಣುಗಳು ಮುಖ್ಯ.

ಆದ್ದರಿಂದ ಮಗಳಿಗೆ ಹೇಳಿ: ಕನ್ನಡದಲ್ಲಿ ಬರೆಯುವಾಗ ಮೊದಲ ಅರ್ಥಕ್ಕೆ ‘ಗ್ರಾಹಕ ಚಳವಳಿ’, ಮೂರನೆಯದಕ್ಕೆ ‘ಕೊಳ್ಳುಬಾಕತನ’ ಎಂದೇ ಬರೆಯಲಿ. ‘ಗ್ರಾಹಕವಾದ’ ಎಂಬ ಅನುವಾದ ನನಗೆ ಒಪ್ಪಿಗೆಯಿಲ್ಲ. ಅದು ಇಂಗ್ಲಿಷಿನ ಗೊಂದಲವನ್ನು ಹಾಗೆಯೇ ಹೊತ್ತು ತರುತ್ತದೆ. ಪರೀಕ್ಷೆಯಲ್ಲಿ ಮಾತ್ರ ಪಠ್ಯಪುಸ್ತಕದ ಅರ್ಥವನ್ನೇ ಬರೆಯಲಿ.